ಎಂಜಿನ್ ಸರಿ ಐತಿ, ಬ್ರೇಕ್ ಹಿಡದೈತಿ

ಅಕ್ಕನನ್ನು ಬೆಂಗಳೂರು ಗಾಡಿ ಹತ್ತಿಸಲು ಹುಬ್ಬಳ್ಳಿ ಸ್ಟೇಶನ್ನಿಗೆ ಹೋಗಿದ್ದೆವು. ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಎಂದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾದದ್ದು ಇಲ್ಲಿಯದೇ. ಉದ್ದ 1,507 ಮೀಟರು. ಅಪ್ಪನಿಗೆ ಗೇಟಿನಿಂದ ಮೊದಲ ಬೆಂಚಿನವರೆಗಿನ ಮೂವತ್ತು ಹೆಜ್ಜೆಯೇ ದೊಡ್ಡ ಪ್ರಯಾಣವಾಗಿತ್ತು. ಕೂತವನು ಮತ್ತೆ ಏಳಲಿಲ್ಲ. ನೆರಳಿದ್ದ ಕಡೆ ಕೂರಿಸೋಣವೆಂದು ನಾನೊಂದು ರಟ್ಟೆ, ಅವ್ವ ಒಂದು ರಟ್ಟೆ ಹಿಡಿದು ಎರಡು ಸಲ ಎತ್ತಿ ನೋಡಿದೆವು. "ಕಾಲಾಗ ಜೀವನ ಇಲ್ಲೋ ತಮ್ಮಾ" ಅಂದ.

ಅಷ್ಟರಲ್ಲಿ ಯಾವುದೋ ಗಾಡಿ ಒಳಗೆ ಬಂತು. ನಾಲ್ಕೈದು ಬೋಗಿ ಮುಂದೆ ಸರಿದ ಮೇಲೆ ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಒಂದು ಗಾಲಿಯ ಹತ್ತಿರ ತೆಳ್ಳಗೆ ಹೊಗೆ. ಅಪ್ಪ ಎದ್ದ. ಯಾರೂ ಹಿಡಿದಿರಲಿಲ್ಲ. ಎದ್ದವನು ಕಾಲೆಳೆಯದೆ ಎಂಟು ಹತ್ತು ಹೆಜ್ಜೆ ಬೀಸಾಗಿ ನಡೆದು, ಆ ಗಾಲಿಯತ್ತ ಕೈಮಾಡಿ, ನಾವು ತಿಂಗಳುಗಟ್ಟಲೆ ಕೇಳದಿದ್ದ ದನಿಯಲ್ಲಿ "ಬ್ರೇಕ್ ಬೈಂಡಿಂಗ್!" ಎಂದು ಕೂಗಿದ. ಇಲ್ಲಿಯ ಕ್ಯಾರೇಜ್ ರಿಪೇರಿ ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಫಿಟರ್ ಆಗಿದ್ದವನು. ಆ ವಾಸನೆ ಅವನಿಗೆ ಹೆಸರು ಹಿಡಿದು ಕರೆದಂತೆ.

ಕೂಗಿ ಆಯಿತು. ವಾಪಸು ಬರಲು ತಿರುಗಿದ ಕೂಡಲೇ ಪಾದಗಳು ನೆಲಕ್ಕೆ ಅಂಟಿಕೊಂಡವು. ಬೆಂಚು ಹತ್ತು ಹೆಜ್ಜೆ ಹಿಂದಿತ್ತು. ಆ ಹತ್ತು ಹೆಜ್ಜೆಗೆ ನಾವಿಬ್ಬರೂ ಬೇಕಾಯಿತು.

ನಾಟಕದ ಆಪಾದನೆ

ಪಾರ್ಕಿನ್ಸನ್ ಕಾಯಿಲೆಯವರಿರುವ ಮನೆಗಳಲ್ಲಿ ಇಂಥ ಒಂದಾದರೂ ಕತೆ ಇರುತ್ತದೆ. ಹಾಸಿಗೆಯಿಂದ ಏಳಲಾಗದ ಅಜ್ಜ ಹಾವು ಕಂಡಾಗ ಜಿಗಿದು ಕಟ್ಟೆ ಹತ್ತಿದ್ದು, ಹೊಸ್ತಿಲಲ್ಲಿ ನಿಂತುಬಿಡುವ ಅಜ್ಜಿ ಮೆಟ್ಟಿಲನ್ನು ಸರಾಗವಾಗಿ ಏರಿದ್ದು. ಕತೆಯ ಹಿಂದೆಯೇ ಒಂದು ಆಪಾದನೆಯೂ ಬರುತ್ತದೆ. ಆಟೋದಲ್ಲಿ ಅವ್ವ ನನ್ನ ಕಿವಿಯಲ್ಲಿ ಹೇಳಿದಳು: "ಗಾಡಿ ಮುಂದ ಓಡತಾರ, ನಮ್ಮ ಮುಂದ ಏಳಂಗಿಲ್ಲ. ಏನ್ ನಾಟಕ ಇವರದು?" ನಾನು ಮಾತಾಡಲಿಲ್ಲ. ಸುಳ್ಳೇಕೆ, ಅದೇ ಪ್ರಶ್ನೆ ನನ್ನಲ್ಲೂ ಇತ್ತು. ಕಾಲಲ್ಲಿ ಜೀವ ಇಲ್ಲದಿದ್ದರೆ ಆ ಹತ್ತು ಹೆಜ್ಜೆಯ ಬಲ ಎಲ್ಲಿಂದ ಬಂತು? ಇದ್ದರೆ ಉಳಿದ ದಿನ ಎಲ್ಲಿ ಹೋಗುತ್ತದೆ?

ಈ ಗೊಂದಲ ಕಾಯಿಲೆಯಷ್ಟೇ ಹಳೆಯದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯ ವಿವರ ಬರೆದು ಈ ಕಾಯಿಲೆಯನ್ನು ಗುರುತಿಸಿದ. ಆರರಲ್ಲಿ ಕೆಲವರನ್ನು ಆತ ಪರೀಕ್ಷಿಸಿಯೂ ಇರಲಿಲ್ಲ, ಬೀದಿಯಲ್ಲಿ ಕಂಡಿದ್ದ ಅಷ್ಟೇ. ಕಾಯಿಲೆಯ ಲಕ್ಷಣ ಹೇಳುವಾಗ ನಡುಕದ ಜೊತೆಗೆ ಸ್ನಾಯುಬಲ ಕುಂದುವುದನ್ನೂ ಸೇರಿಸಿದ. ಮುಂದೆ ಪ್ಯಾರಿಸ್ಸಿನ ದೊಡ್ಡ ನರವೈದ್ಯ ಶಾರ್ಕೋ ಈ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟ, ಆದರೆ ಬಲದ ವಿಷಯದಲ್ಲಿ ಅವನನ್ನು ಒಪ್ಪಲಿಲ್ಲ. ರೋಗಿಗಳ ಬಲ ಅಂಥ ಕಡಿಮೆಯೇನಿಲ್ಲ ಎಂದ. ಇಬ್ಬರಲ್ಲಿ ಒಬ್ಬ ತಪ್ಪಿರಬೇಕು ಅನಿಸುತ್ತದೆ. ಇಬ್ಬರೂ ಸರಿಯಾಗಿಯೇ ನೋಡಿದ್ದರು. ಅದು ಹೇಗೆಂದು ತಿಳಿಯಲು ಅಪ್ಪನ ವರ್ಕ್‌ಶಾಪಿಗೇ ಹೋಗಬೇಕು.

ಗಾಳಿ ಇಳಿದ ಪೈಪು

ಸೈಕಲ್ಲಿನ ಬ್ರೇಕು ನಾವು ಹಿಡಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ. ರೈಲಿನದು ತಿರುವುಮುರುವು. ಎಂಜಿನ್ನಿನಿಂದ ಕಡೆಯ ಬೋಗಿಯವರೆಗೆ ಒಂದು ಗಾಳಿಯ ಪೈಪು ಹೋಗಿರುತ್ತದೆ. ಅದರಲ್ಲಿ ಒತ್ತಡ ಪೂರ್ತಿ ತುಂಬಿದಾಗಲೇ ಬ್ರೇಕು ಗಾಲಿಯನ್ನು ಬಿಡುವುದು. ನಮ್ಮ ರೈಲುಗಳಲ್ಲಿ ಆ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋ. ವರ್ಕ್‌ಶಾಪಿನ ಮಾತಿನಲ್ಲಿ ಬರೀ "ಐದು ಕೆಜಿ". ಒತ್ತಡ ಇಳಿದರೆ ಬ್ರೇಕು ತಾನಾಗಿ ಹಿಡಿಯುತ್ತದೆ. ಬೋಗಿ ಕಳಚಿಕೊಂಡರೆ ಪೈಪು ಹರಿದು ಗಾಳಿ ಹೋಗಿ ಗಾಡಿ ತಾನೇ ನಿಲ್ಲಲಿ ಎಂದು ಮಾಡಿದ ಉಪಾಯ. ಕೆಲವೊಮ್ಮೆ ಒತ್ತಡ ಸರಿಯಾಗಿ ಏರದೆಯೋ ಇನ್ನೇನೋ ಸಿಕ್ಕಿಕೊಂಡೋ ಬ್ರೇಕು ಗಾಲಿಯನ್ನು ಕಚ್ಚಿಕೊಂಡೇ ಉಳಿಯುತ್ತದೆ. ಎಂಜಿನ್ನು ಸರಿ, ಗಾಲಿ ಸರಿ, ಹಳಿ ಸರಿ. ಗಾಡಿ ಮಾತ್ರ ತೇಕುತ್ತ ಹೊಗೆಯಾಡುತ್ತದೆ. ಬ್ರೇಕ್ ಬೈಂಡಿಂಗ್ ಎಂದರೆ ಇದು.

ಮಿದುಳಿನ ಬ್ರೇಕೂ ರೈಲಿನ ಜಾತಿಯದೇ. ಮಿದುಳಿನ ಆಳದಲ್ಲಿ, ಬುಡದ ಹತ್ತಿರ, ನರಕೋಶಗಳ ಕೆಲವು ಗಂಟುಗಳಿವೆ. ಅವನ್ನು ತಳಗಂಟು ಎನ್ನೋಣ. ವೈದ್ಯರು ಬೇಸಲ್ ಗ್ಯಾಂಗ್ಲಿಯಾ ಎನ್ನುತ್ತಾರೆ. ನಮ್ಮ ಎಲ್ಲ ಚಲನೆಗಳ ಮೇಲೂ ಇವು ಹೊತ್ತುಹೊತ್ತಿಗೂ ಬ್ರೇಕು ಒತ್ತಿಯೇ ಇರುತ್ತವೆ. ಬೇಕಾದ್ದೇ ಅದು. ಇಲ್ಲದಿದ್ದರೆ ಚಹಾದ ಕಪ್ಪು ಹಿಡಿದ ಕೈ ಅದೇ ಹೊತ್ತಿಗೆ ತಲೆ ಕೆರೆಯಲೂ ಹೋದೀತು. ಕಪ್ಪನ್ನು ಬಾಯಿಗೆ ಒಯ್ಯಬೇಕೆಂದಾಗ ಆ ಒಂದು ಚಲನೆಯ ಬ್ರೇಕನ್ನಷ್ಟೇ ಸಡಿಲಿಸಿ ಉಳಿದವನ್ನು ಬಿಗಿಯಾಗಿ ಇಡುವುದು ತಳಗಂಟಿನ ಕೆಲಸ. ಹಾಗೆ ಸಡಿಲಿಸಲು ಬೇಕಾದ ಗಾಳಿಯ ಒತ್ತಡವೇ ಡೋಪಮೀನ್ ಎಂಬ ರಾಸಾಯನಿಕ.

ಅದನ್ನು ತಯಾರಿಸುವ ಕೋಶಗಳು ನಡುಮಿದುಳಿನಲ್ಲಿ ಕಣ್ಣಿಗೇ ಕಪ್ಪಾಗಿ ಕಾಣುವ ಒಂದು ಪಟ್ಟಿಯಲ್ಲಿವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಕರಿಪಟ್ಟಿಯ ಕೋಶಗಳು ಒಂದೊಂದಾಗಿ ಸಾಯುತ್ತವೆ. ಹೊರಗೆ ನಡುಕ, ಬಿಗಿತ, ನಿಧಾನ ಕಾಣಿಸಿಕೊಳ್ಳುವ ಹೊತ್ತಿಗೆ ಪಟ್ಟಿ ಎಷ್ಟೋ ಬರಿದಾಗಿರುತ್ತದೆ. ಪೈಪಿನಲ್ಲಿ ಗಾಳಿ ಇಳಿಯಿತು, ಬ್ರೇಕು ಕಚ್ಚಿತು.

ಕಿವಿ ಇಳಿಬಿಟ್ಟ ಮೊಲ

ಇದನ್ನು ಲೋಕ ಕಂಡುಕೊಂಡದ್ದರಲ್ಲಿ ನಮ್ಮ ನೆಲದ ಒಂದು ಗಿಡಕ್ಕೂ ಪಾಲಿದೆ. ಸರ್ಪಗಂಧಿಯ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತಿನ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಮೊಲಗಳು ಕಿವಿ ಇಳಿಬಿಟ್ಟು ಕಲ್ಲಿನಂತೆ ಕೂತುಬಿಟ್ಟವು. ರೆಸರ್ಪಿನ್ ಮಿದುಳಿನ ಡೋಪಮೀನ್ ಉಗ್ರಾಣವನ್ನು ಬರಿದು ಮಾಡಿತ್ತು. 1957ರಲ್ಲಿ ಆತ ಅದೇ ಮೊಲಗಳಿಗೆ ಡೋಪಮೀನಿನ ಕಚ್ಚಾಮಾಲಾದ ಡೋಪಾ ಚುಚ್ಚಿದಾಗ ಕೆಲವೇ ನಿಮಿಷಗಳಲ್ಲಿ ಕಿವಿ ನಿಮಿರಿದವು, ಮೊಲಗಳು ಓಡಾಡಿದವು. ಈ ಕೆಲಸ 2000ದಲ್ಲಿ ಅವನಿಗೆ ನೊಬೆಲ್ ತಂದಿತು.

ಕಲ್ಲಾಗಿ ಕೂತಿದ್ದಾಗಲೂ ಮೊಲದ ಕಾಲಿನ ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ನನಗೆ ಈ ಕತೆಯಲ್ಲಿ ಮುಖ್ಯ ಕಂಡದ್ದು ಅದು.

ಇಂದು ಮನೆಮನೆಯಲ್ಲಿ ಸಿಂಡೋಪಾದಂಥ ಹೆಸರಿನಲ್ಲಿ ನುಂಗುವ ಗುಳಿಗೆಯಲ್ಲಿರುವುದು ಇದೇ ಡೋಪಾ, ಅಂದರೆ ಲಿವೊಡೋಪಾ. ಬೇಲಿಗಳಲ್ಲಿ ಬೆಳೆಯುವ, ಮೈಗೆ ತಾಗಿದರೆ ತುರಿಸಿ ತುರಿಸಿ ಜೀವ ತೆಗೆಯುವ ನಸುಗುನ್ನಿಯ ಬೀಜದಲ್ಲೂ ಅದು ಇದೆ. 1937ರಷ್ಟು ಹಿಂದೆಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಹಾಗೆಂದು ಸಂತೆಯಲ್ಲಿ ಸಿಕ್ಕ ಪುಡಿಯನ್ನು ಹಾಲಿಗೆ ಕಲಸಿ ಕೊಡುವುದು ತಪ್ಪು. ಚಮಚಕ್ಕೆಷ್ಟು ಡೋಪಾ ಎಂದು ಯಾರಿಗೂ ತಿಳಿಯದು, ಗುಳಿಗೆಯ ಮೇಲೆ ಅದೂ ಸೇರಿದರೆ ಲೆಕ್ಕ ಪೂರಾ ಕೆಡುತ್ತದೆ.

ಸ್ಟೇಶನ್ನಿನಲ್ಲಿ ಅಪ್ಪ ಎದ್ದದ್ದಕ್ಕೂ ಈಗ ಉತ್ತರ ಹತ್ತಿರ ಬಂತು. ಮನಸ್ಸಿನೊಳಗಿನಿಂದ ತಾನಾಗಿ ಹುಟ್ಟುವ ಚಲನೆಗೆ ತಳಗಂಟಿನ ದಾರಿಯೇ ಬೇಕು. ಹೊರಗಿನಿಂದ ಕಣ್ಣು, ಕಿವಿ, ಮೂಗು ಎಳೆದೆಬ್ಬಿಸುವ ಚಲನೆಗೆ ಮಿದುಳಿನಲ್ಲಿ ಬಳಸುದಾರಿಗಳಿವೆ, ಅವು ಇನ್ನೂ ಮುಚ್ಚಿರುವುದಿಲ್ಲ. ನೆದರ್ಲೆಂಡ್ಸಿನ ವೈದ್ಯರು 2010ರಲ್ಲಿ 58 ವರ್ಷದ ಒಬ್ಬನ ವಿಡಿಯೋ ಪ್ರಕಟಿಸಿದ್ದರು: ನಾಲ್ಕು ಹೆಜ್ಜೆ ನಡೆಯಲಾಗದೆ ಮುಗ್ಗರಿಸುವವನು ಸೈಕಲ್ ಏರಿಸಿದರೆ ಸಲೀಸಾಗಿ ತುಳಿದುಕೊಂಡು ಹೋಗುತ್ತಾನೆ. ನೆಲದಲ್ಲಿ ಅಡ್ಡಗೆರೆ ಎಳೆದರೆ ನಿಂತ ಕಾಲು ಅದನ್ನು ದಾಟಿ ಮುಂದೆ ಹೋಗುವುದೂ ಇದೇ ಕಾರಣಕ್ಕೆ. ನಮ್ಮ ಬಚ್ಚಲ ಬಾಗಿಲಲ್ಲಿ ಈಗ ಹಳದಿ ಟೇಪಿನ ನಾಲ್ಕು ಪಟ್ಟಿಗಳಿವೆ. ಬಂದವರೆಲ್ಲ ಏನಿದು ಎಂದು ಕೇಳುತ್ತಾರೆ. ಅವ್ವ "ನಮ್ಮ ಮನಿ ಪ್ಲಾಟ್‌ಫಾರ್ಮು" ಎನ್ನುತ್ತಾಳೆ.

ಗೇಣು ಗೇಣಾಗಿ ಸೇದುವ ಹಗ್ಗ

ಬ್ರೇಕಿನ ಹೋಲಿಕೆ ಇಲ್ಲಿಯವರೆಗೆ ಸಾಕು. ಆದರೆ ಅದನ್ನು ಪೂರ್ತಿ ನಂಬಿದರೆ ವ್ಯಾಯಾಮಕ್ಕೆ ಜಾಗವೇ ಉಳಿಯುವುದಿಲ್ಲ. ಎಂಜಿನ್ ಸರಿಯಿದ್ದರೆ ಎಂಜಿನ್ನಿಗೆ ಏಕೆ ಕಸರತ್ತು? ಗುಳಿಗೆ ಕೊಟ್ಟು ಗಾಳಿ ತುಂಬಿಸಿದರೆ ಆಯಿತಲ್ಲ? ನಾವೂ ಎರಡು ವರ್ಷ ಹಾಗೆಯೇ ನಡೆದುಕೊಂಡೆವು. ಅಪ್ಪ ಕುರ್ಚಿಯಲ್ಲಿ, ಗುಳಿಗೆ ಡಬ್ಬಿಯಲ್ಲಿ.

ಮೊಳಕೈಯನ್ನು ಸರ್ರನೆ ಮಡಚಿ ಎನ್ನಿ. ಗಟ್ಟಿಮುಟ್ಟಾದವನ ತೋಳಿನಲ್ಲಿ ಮಡಚುವ ಸ್ನಾಯುವಿಗೆ ಮಿದುಳಿನಿಂದ ಒಂದೇ ಒಂದು ದೊಡ್ಡ ಹುಕುಂ ಹೊರಡುತ್ತದೆ, ಅದರ ಬೆನ್ನಿಗೆ ತಡೆಯುವ ಸ್ನಾಯುವಿಗೆ ಇನ್ನೊಂದು. ಹ್ಯಾಲೆಟ್ ಮತ್ತು ಖೋಷ್ಬಿನ್ ಎಂಬ ಇಬ್ಬರು 1980ರಲ್ಲಿ ಪಾರ್ಕಿನ್ಸನ್ ರೋಗಿಗಳ ತೋಳಿನ ವಿದ್ಯುತ್ ಸಂಕೇತಗಳನ್ನು ಅಳೆದು ನೋಡಿದರು. ಹುಕುಮಿನ ಕ್ರಮ ಸರಿಯಾಗಿಯೇ ಇತ್ತು, ಗಾತ್ರ ಚಿಕ್ಕದಿತ್ತು. ಮೊದಲ ಹುಕುಂ ಕೈಯನ್ನು ಗುರಿ ಮುಟ್ಟಿಸಲು ಸಾಲದೆ ಇನ್ನೊಂದು, ಮತ್ತೊಂದು, ಮಗುದೊಂದು ಸಣ್ಣ ಹುಕುಮುಗಳು ಹೊರಡುತ್ತಿದ್ದವು. ಬಾವಿಯಿಂದ ಕೊಡ ಸೇದುವಾಗ ಮೊಳಮೊಳ ಹಗ್ಗ ಎಳೆಯುವ ಬದಲು ಗೇಣು ಗೇಣು ಎಳೆದಂತೆ. ಕೊಡ ಬರುತ್ತದೆ, ಆದರೆ ಹೊತ್ತಾಗುತ್ತದೆ, ಕೈ ಸೋಲುತ್ತದೆ. ಅಕ್ಷರ ಸಾಲಿನ ಕೊನೆಗೆ ಇರುವೆಯಷ್ಟಾಗುವುದು, ದನಿ ಗುಟುಕು ಗುಟುಕಾಗಿ ಇಳಿಯುವುದು, ಹೆಜ್ಜೆ ಕುಗ್ಗುವುದು, ನಡೆಯುವಾಗ ಕೈ ಬೀಸದಿರುವುದು, ಎಲ್ಲದರ ಬೇರೂ ಇದೇ ಚಿಕ್ಕ ಹುಕುಂ.

ಪಾರ್ಕಿನ್ಸನ್ನನೂ ಶಾರ್ಕೋನೂ ಒಟ್ಟಿಗೆ ಸರಿಯಾಗುವುದು ಇಲ್ಲಿ. ನಿಧಾನವಾಗಿ, ಬೇಕಾದಷ್ಟು ಹೊತ್ತು ಕೊಟ್ಟು ಕೈ ಹಿಸುಕಲು ಹೇಳಿದರೆ ಬಲ ಬಹುಮಟ್ಟಿಗೆ ಸಿಕ್ಕೀತು. ಥಟ್ಟನೆ ಕೇಳಿದರೆ ಸಿಗದು. ಬದುಕು ಬಲವನ್ನು ಕೇಳುವುದು ಸಾಮಾನ್ಯವಾಗಿ ಥಟ್ಟನೆಯೇ. ಕಾಲು ಎಡವಿದಾಗ ಇನ್ನೊಂದು ಕಾಲನ್ನು ಮುಂದಿಡಲು ಸಿಗುವುದು ಕಣ್ಣು ಮಿಟುಕಿಸಿ ತೆರೆಯುವಷ್ಟು ಹೊತ್ತು.

ಇನ್ನು ನಾಟಕದ ಆಪಾದನೆಗೆ ಉತ್ತರ. 2007ರಲ್ಲಿ ನ್ಯೂಯಾರ್ಕಿನ ಮಝೋನಿ ಮತ್ತು ಸಂಗಡಿಗರು ರೋಗಿಗಳಿಗೆ ನಿಗದಿ ಮಾಡಿದ ವೇಗದಲ್ಲೇ ಕೈ ಚಾಚಲು ಹೇಳಿದರು. ಅವರು ಆ ವೇಗದಲ್ಲೂ ಗುರಿ ತಪ್ಪದೆ ಚಾಚಿದರು. ಆದರೆ ಆ ವೇಗ ಬರಲು ಉಳಿದವರಿಗಿಂತ ಹೆಚ್ಚು ಪ್ರಯತ್ನ ಬೇಕಾಯಿತು. ಬಲ ಖರ್ಚು ಮಾಡುವ ಮುಂಚೆ ಮಿದುಳು ಒಳಗೊಳಗೇ ಒಂದು ಲೆಕ್ಕ ಹಾಕುತ್ತದೆ, ಇಷ್ಟು ಕೆಲಸಕ್ಕೆ ಇಷ್ಟು ಖರ್ಚು ತಕ್ಕುದೇ ಎಂದು. ಡೋಪಮೀನ್ ಕಡಿಮೆಯಾದ ಮಿದುಳು ಜಿಪುಣ ಸೆಟ್ಟಿಯಾಗುತ್ತದೆ ಎಂಬುದು ಅವರ ವಿವರಣೆ. ಕುರ್ಚಿಯಲ್ಲಿ ಕೂತ ಮನುಷ್ಯನಿಗೆ ಏಳುವ ಮನಸ್ಸಿದೆ. ಗಲ್ಲೆಯ ಮೇಲೆ ಕೂತ ಸೆಟ್ಟಿ ದುಡ್ಡು ಬಿಚ್ಚುವುದಿಲ್ಲ, ಆ ಸೆಟ್ಟಿಯ ಮೇಲೆ ಅಪ್ಪನ ಅಧಿಕಾರ ನಡೆಯುವುದಿಲ್ಲ. ಇದನ್ನು ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ನಾ ಬೈದಿದ್ದು ಖರೇನ ತಪ್ಪಾತು" ಅಂದಳು.

ಗ್ಯಾಂಗುಗಳು

ಹುಕುಂ ಚಿಕ್ಕದಾದರೆ ಸ್ನಾಯುವಿಗೆ ಏನಾಗುತ್ತದೆ?

ಒಂದು ಸ್ನಾಯು ಎಂದರೆ ಒಂದೇ ಆಳಲ್ಲ. ಬೆನ್ನುಹುರಿಯಿಂದ ಹೊರಟ ಒಂದೊಂದು ನರವೂ ತನ್ನ ಕೈಕೆಳಗಿನ ಒಂದಷ್ಟು ಎಳೆಗಳನ್ನು ದುಡಿಸುತ್ತದೆ. ಇದನ್ನು ನರತಂಡ ಎಂದು ಕರೆಯುತ್ತೇನೆ. ಪುಸ್ತಕಗಳ ಮೋಟರ್ ಯೂನಿಟ್. ರೈಲ್ವೆಯ ಗ್ಯಾಂಗ್‌ಮನ್ನರನ್ನು ನೆನೆಸಿಕೊಂಡರೆ ಸಾಕು. ಕೆಲವು ಗ್ಯಾಂಗು ಚಿಕ್ಕವು, ನಾಲ್ಕಾಳಿನವು. ದಿನವಿಡೀ ದುಡಿದರೂ ದಣಿಯವು. ಕೆಲವು ದೊಡ್ಡವು, ಎತ್ತಿದರೆ ಹಳಿಯನ್ನೇ ಎತ್ತುತ್ತವೆ, ಆದರೆ ಬೇಗ ಸುಸ್ತಾಗುತ್ತವೆ. ಕರೆಯುವುದಕ್ಕೆ ಒಂದು ಕಟ್ಟುನಿಟ್ಟಿನ ಪಾಳಿ ಇದೆ. ಮೊದಲು ಚಿಕ್ಕ ಗ್ಯಾಂಗು, ಸಾಲದಿದ್ದರೆ ಅದಕ್ಕಿಂತ ದೊಡ್ಡದು, ಇನ್ನೂ ಸಾಲದಿದ್ದರೆ ಎಲ್ಲಕ್ಕಿಂತ ದೊಡ್ಡದು. ಎಲ್‌ವುಡ್ ಹೆನ್ನೆಮನ್ ಎಂಬ ಅಮೆರಿಕದ ವಿಜ್ಞಾನಿ ಕಂಡುಹಿಡಿದ ನಿಯಮ ಇದು. ದೊಡ್ಡ ಗ್ಯಾಂಗಿನ ಬಾಗಿಲು ಬಡಿಯಬೇಕಾದರೆ ಹುಕುಂ ದೊಡ್ಡದಿರಬೇಕು.

ಮಟ್ಟಸ ನೆಲದ ಮೇಲೆ ನಡೆಯಲು ಚಿಕ್ಕ ಗ್ಯಾಂಗುಗಳೇ ಬಹುಪಾಲು ಸಾಕು. "ದಿನಾ ಉಣಕಲ್ ಕೆರಿ ಸುತ್ತಾಡಸ್ರಿ, ಸಾಕು" ಎಂದವರು ಎಷ್ಟೋ ಮಂದಿ. ನಡಿಗೆ ಒಳ್ಳೆಯದೇ, ಬೇಡವೆನ್ನುವವನಲ್ಲ ನಾನು. ಆದರೆ ತೊಡೆಯ ದೊಡ್ಡ ಗ್ಯಾಂಗು ಅದರಿಂದ ಏಳುವುದಿಲ್ಲ. ಒಂದು ವ್ಯಾಯಾಮ ಕೇಂದ್ರದಲ್ಲಿ ಅಪ್ಪನ ಕೈಗೆ ಒಂದು ಕಿಲೋದ ಗುಲಾಬಿ ಡಂಬೆಲ್ ಕೊಟ್ಟು, "ಕಾಕಾರಿಗೆ ಇದ ಸೇಫ್" ಎಂದರು. ಬೋಗಿಯ ಗಾಲಿಜೋಡಿಗಳ ನಡುವೆ ದುಡಿದವನು ಅದನ್ನು ತಿರುಗಿಸಿ ನೋಡಿ, ಆಟಿಕೆಯನ್ನು ಮಗುವಿಗೆ ಮರಳಿಸುವಂತೆ ಮರಳಿಸಿದ. ಆ ಒಂದು ಕಿಲೋ ಚಿಕ್ಕ ಹುಕುಮಿಗೇ ಸಲೀಸು. ಸೆಟ್ಟಿ ಗಲ್ಲೆ ತೆರೆಯಬೇಕಾದ ಪ್ರಸಂಗವೇ ಬರಲಿಲ್ಲ.

ಕರೆಯದ ಗ್ಯಾಂಗು ಊರು ಬಿಡುತ್ತದೆ. ವಯಸ್ಸಾದಂತೆ ಎಲ್ಲರಲ್ಲೂ ಸ್ನಾಯು ಕರಗುತ್ತದೆ, ಮೊದಲು ಸೊರಗುವುದು ಈ ದೊಡ್ಡ ಗ್ಯಾಂಗುಗಳೇ. ಪಾರ್ಕಿನ್ಸನ್ ಆದವರಲ್ಲಿ ಕುರ್ಚಿವಾಸ ಅದರ ಮೇಲೆ ಬಂದು ಕೂರುತ್ತದೆ. ಹೀಗೆ ಬ್ರೇಕು ಹಿಡಿದ ಗಾಡಿಯನ್ನು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿ ಎಂಜಿನ್ನಿಗೂ ತುಕ್ಕು ಹಿಡಿಸಿಬಿಡುತ್ತೇವೆ. ಆಮೇಲೆ ಗಾಳಿ ತುಂಬಿದರೂ ಗಾಡಿ ಏಳದು.

ಭಾರ ಎತ್ತುವುದು ಎರಡು ಕಡೆಯಿಂದಲೂ ಕೆಲಸ ಮಾಡುತ್ತದೆ. ಭಾರ ನಿಜವಾಗಿ ಭಾರವಾಗಿದ್ದರೆ ಚಿಕ್ಕ ಹುಕುಮಿಗೆ ಅದು ಅಲುಗುವುದಿಲ್ಲ. ಮಿದುಳು ದೊಡ್ಡ ಹುಕುಂ ಕಳಿಸಲೇಬೇಕು, ದೊಡ್ಡ ಗ್ಯಾಂಗು ಎದ್ದು ಬರಲೇಬೇಕು. ಭಾರ ಹೊರಗಿನಿಂದ ಕರೆಯುವ ಕರೆ, ಸ್ಟೇಶನ್ನಿನ ಆ ಸುಟ್ಟ ವಾಸನೆಯಂತೆ. ವ್ಯತ್ಯಾಸವೆಂದರೆ ಇದನ್ನು ವಾರಕ್ಕೆರಡು ಸಲ ನಾವೇ ಏರ್ಪಾಡು ಮಾಡಬಹುದು. ಭಾರ ಎತ್ತಲು ತೊಡಗಿದ ಮೊದಲ ಕೆಲವು ವಾರಗಳಲ್ಲಿ ಬಲ ಏರಿದರೂ ಸ್ನಾಯು ದಪ್ಪವಾಗಿರುವುದಿಲ್ಲ ಎಂಬುದನ್ನು ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲೇ ತೋರಿಸಿದ್ದರು. ಮೊದಲು ಕಲಿಯುವುದು ನರ, ಆಮೇಲೆ ಬೆಳೆಯುವುದು ಮಾಂಸ. ಹುಕುಮಿನಲ್ಲೇ ಕೊರತೆಯಿರುವವರಿಗೆ ಇದಕ್ಕಿಂತ ಬೇಕಾದ್ದೇನು?

ಷಿಕಾಗೋದ ಎರಡು ವರ್ಷ

ಇದು ಬಾಯಿಮಾತೋ, ನಡೆದ ಮಾತೋ? ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಚಿಕಿತ್ಸೆ ಮಾಡುವ ಕ್ರಮವನ್ನು ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲೋರ್ಮ್ ಗಾಯಾಳು ಸೈನಿಕರಿಗೆ ಮಾಡಿ ನೋಡಿ 1945ರಲ್ಲಿ ಪ್ರಕಟಿಸಿದ್ದ. ಮುದುಕರಿಗೆ ಇದು ಆಗದು ಎಂದೇ ಬಹುಕಾಲ ತಿಳಿದಿದ್ದರು. 1990ರಲ್ಲಿ ಬಾಸ್ಟನ್ನಿನ ಮಾರಿಯಾ ಫಿಯಾಟರೋನ್ ಒಂದು ವೃದ್ಧಾಲಯದ ಹತ್ತು ಮಂದಿಯನ್ನು ತೆಗೆದುಕೊಂಡರು. ಸರಾಸರಿ ವಯಸ್ಸು 90. ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು.

ಪಾರ್ಕಿನ್ಸನ್ನಿಗೇ ನೇರವಾಗಿ ಸಂಬಂಧಿಸಿದ್ದು ಡೇನಿಯಲ್ ಕಾರ್ಕೋಸ್ ತಂಡ ಷಿಕಾಗೋದಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗ. 48 ರೋಗಿಗಳು, ವಾರಕ್ಕೆ ಎರಡು ದಿನ, ಪೂರಾ ಎರಡು ವರ್ಷ. ಅರ್ಧ ಮಂದಿಗೆ ಮೈ ಸಡಿಲಿಸುವ, ತೋಲ ಕಾಯುವ, ಹಗುರ ಬಲದ ಸಾಮಾನ್ಯ ವ್ಯಾಯಾಮ. ಉಳಿದರ್ಧಕ್ಕೆ ಭಾರವನ್ನು ಏರಿಸುತ್ತ ಹೋಗುವ ಸಾಮು. ಅಳೆಯುವಾಗ ಗುಳಿಗೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಅಳೆದರು. ಮೊದಲ ಆರು ತಿಂಗಳಿಗೆ ಎರಡೂ ಗುಂಪು ಸುಧಾರಿಸಿದ್ದವು, ಭೇದ ಕಾಣುತ್ತಿರಲಿಲ್ಲ. ಎರಡನೇ ವರ್ಷದ ಕೊನೆಗೆ ನೋಡಿದರೆ ಸಾಮಾನ್ಯ ವ್ಯಾಯಾಮದವರ ಗಳಿಕೆ ಕರಗಿತ್ತು, ಭಾರದವರದು ಉಳಿದಿತ್ತು. ಚಲನೆಯ ತೊಂದರೆಯನ್ನು ಅಂಕದಲ್ಲಿ ಅಳೆಯುವ ಮಾಪನದಲ್ಲಿ ಇಬ್ಬರ ನಡುವೆ 7.3 ಅಂಕದ ಅಂತರ. ರೋಗಿ ಸ್ವತಃ ದಿನಚರಿಯಲ್ಲಿ ಗಮನಿಸುವಷ್ಟು ದೊಡ್ಡದು ಅದು. ಕರಿಪಟ್ಟಿಯ ಕೋಶ ಸಾಯುವುದು ನಿಂತಿತು ಎಂದು ಇದರ ಅರ್ಥವಲ್ಲ. ಪ್ರಯೋಗ ಚಿಕ್ಕದು ಎಂಬುದನ್ನೂ ಮರೆಯಬಾರದು. ಅದರಲ್ಲಿ ನನ್ನನ್ನು ತಟ್ಟಿದ್ದು ಆರು ತಿಂಗಳಿಗೂ ಎರಡು ವರ್ಷಕ್ಕೂ ಇರುವ ವ್ಯತ್ಯಾಸ. ಮೂರು ತಿಂಗಳು ಮಾಡಿ "ಏನೂ ಫರಕ್ಕಿಲ್ಲ" ಎಂದು ಬಿಡುವ ಮನೆಗಳೇ ಹೆಚ್ಚು.

ಬಲ ಇದ್ದರೆ ಕಾಯಿಲೆಯೇ ಬಾರದು ಎಂದುಕೊಳ್ಳುವವರೂ ಇದ್ದಾರೆ. ಅವರಿಗೆ ಮುಹಮ್ಮದ್ ಅಲಿಯನ್ನು ನೆನಪಿಸಿದರೆ ಸಾಕು. 1984ರಲ್ಲಿ ಆತನಿಗೆ ಪಾರ್ಕಿನ್ಸನ್ ಎಂದಾಯಿತು, 1996ರಲ್ಲಿ ಅಟ್ಲಾಂಟಾದಲ್ಲಿ ನಡುಗುವ ಕೈಯಿಂದ ಒಲಿಂಪಿಕ್ ಜ್ಯೋತಿ ಹೊತ್ತಿಸಿದ. ಬಲ ಒಂದೇ ಸಾಲುವುದೂ ಇಲ್ಲ. 2012ರಲ್ಲಿ ಅಮೆರಿಕದಲ್ಲಿ 195 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಚೀನಾದ ತಾಯ್ ಚಿ ಎಂಬ ನಿಧಾನದ ಕಸರತ್ತು, ತೋಲ ಕಾಯುವುದರಲ್ಲಿ ಭಾರದ ಸಾಮನ್ನೂ ಹಿಂದೆ ಹಾಕಿತು. ಬೀಳದಿರುವುದನ್ನು ಬೇರೆಯಾಗಿಯೇ ಕಲಿಯಬೇಕು.

ಕುರ್ಚಿ ಬಸ್ಕಿ

ಧಾರವಾಡ ಸೀಮೆಯಲ್ಲಿ ಭಾರ ಎತ್ತುವುದಕ್ಕೆ ಹೊಸದಾಗಿ ಹೆಸರು ಹುಡುಕಬೇಕಿಲ್ಲ. ಗರಡಿಮನೆಗಳಲ್ಲಿ ದಂಡ, ಬಸ್ಕಿ; ಕಾರಹುಣ್ಣಿಮೆಗೂ ಜಾತ್ರೆಗೂ ಸಂಗ್ರಾಣಿ ಕಲ್ಲು, ಜೋಳದ ಚೀಲ. ಅಜ್ಜ ಗರಡಿಗೆ ಹೋಗುತ್ತಿದ್ದ. ಅಪ್ಪ ವರ್ಕ್‌ಶಾಪೇ ಗರಡಿ ಎನ್ನುತ್ತಿದ್ದ. ಮನೆಗೆ ಬಂದ ಫಿಸಿಯೋಥೆರಪಿಯ ಹುಡುಗಿ, ನರವೈದ್ಯರ ಚೀಟಿ ಓದಿ, ಅಪ್ಪನನ್ನು ಕೂತಲ್ಲೂ ನಿಂತಲ್ಲೂ ಬಿಪಿ ನೋಡಿ, ಶುರು ಮಾಡಿಸಿದ್ದು ಗರಡಿಯ ಬಸ್ಕಿಯನ್ನೇ. ಹಿಂದೆ ಮಾತ್ರ ಒಂದು ಕುರ್ಚಿ. ಗೋಡೆಗೆ ಆತುಕೊಂಡ, ಕೈಗಳಿರುವ ಮರದ ಕುರ್ಚಿ, ಪ್ಲಾಸ್ಟಿಕ್ಕಿನದು ಜಾರುತ್ತದೆ. ಕೂರುವುದು, ಏಳುವುದು. ಏಳುವಾಗ ಉಸಿರು ಕಟ್ಟಬಾರದು, ಬಿಡಬೇಕು. ಕೂರುವಾಗ ದೊಪ್ಪನೆ ಬೀಳಬಾರದು, ಇಳಿಯಬೇಕು.

ಲೆಕ್ಕಕ್ಕೆ ಹೀಗೆನ್ನೋಣ: ಕುರ್ಚಿಯಿಂದ ಏಳಲು ತೊಡೆಗೆ ನಲವತ್ತು ರೂಪಾಯಿ ಖರ್ಚು. ಜೇಬಿನಲ್ಲಿ ನೂರು ಇದ್ದಾಗ ಸೆಟ್ಟಿ ಯೋಚಿಸದೆ ಕೊಡುತ್ತಾನೆ. ನಲವತ್ತೈದೇ ಇದ್ದಾಗ ಪ್ರತಿ ಸಲವೂ ಗಲ್ಲೆ ಬಳಿಯಬೇಕು, ಆಗ ಜಿಪುಣತನ ಏರುತ್ತದೆ. ಸಾಮಿನಿಂದ ಜೇಬಿಗೆ ಅರವತ್ತು ಬಂದರೂ ಸಾಕು. ಏಳುವುದು ಅಷ್ಟೇ ಭಾರದ ಕೆಲಸ, ಆದರೆ ಇದ್ದುದರಲ್ಲಿ ಅದರ ಪಾಲು ಇಳಿದಿದೆ. ಸೆಟ್ಟಿಯನ್ನು ಒಪ್ಪಿಸುವುದು ಸುಲಭವಾಗುತ್ತದೆ.

ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಹುದು ಎಂಬುದು ಮುದುಕರ ಕಾಲಿನ ಬಲ ಅಳೆಯುವ ಸಾದಾ ಪರೀಕ್ಷೆ. ಮೊದಲ ದಿನ ಅಪ್ಪನದು ಮೂರು, ಅದೂ ಕುರ್ಚಿಯ ಕೈ ಹಿಡಿದು. ಕೈ ಬಿಟ್ಟು ಏಳಲು ಬಂದ ಮೇಲೆ ಭಾರ ಸೇರಿತು. ಖಾಲಿಯಾದ ಅಡಿಗೆ ಎಣ್ಣೆಯ ಐದು ಲೀಟರಿನ ಕ್ಯಾನಿನಲ್ಲಿ ಒಂದು ಲೀಟರ್ ನೀರು ಹಾಕಿ ಎದೆಗೆ ಅಪ್ಪಿಕೊಂಡು ಏಳುವುದು. ಲೀಟರ್ ಎಂದರೆ ಕಿಲೋ, ಏರಿಸಲು ಎಷ್ಟು ಸಣ್ಣ ಮೆಟ್ಟಿಲು ಬೇಕಾದರೂ ಸಿಗುತ್ತದೆ. ಎಂಟು ಹತ್ತು ಸಲ ಎದ್ದರೂ ಇನ್ನೂ ಎರಡು ಸಲ ಆದೀತು ಎನಿಸಿದರೆ ಮುಂದಿನ ವಾರ ಅರ್ಧ ಲೀಟರ್ ಹೆಚ್ಚು. ದಣಿದು ಕಾಲು ನಡುಗಿದರೆ ಅದೇ ಭಾರ. ಏಳುವಾಗ ಬೇಗ, ಕೂರುವಾಗ ನಿಧಾನ. ಹುಕುಂ ದೊಡ್ಡದೂ ಆಗಬೇಕು, ಬೇಗನೆಯೂ ಹೊರಡಬೇಕಲ್ಲ. ಒಂದು ದಿನ ಮಾಡಿದರೆ ಎರಡು ದಿನ ಬಿಡುವು. ಯಾರಾದರೂ ಒಬ್ಬರು ಪಕ್ಕದಲ್ಲಿ, ರಟ್ಟೆ ಹಿಡಿಯದೆ, ಬಿದ್ದರೆ ಹಿಡಿಯುವಷ್ಟು ಹತ್ತಿರ. ಅಪ್ಪನಿಗೆ ಎದ್ದ ಕೂಡಲೇ ಬಿಪಿ ಇಳಿಯುತ್ತಿತ್ತು. ಈ ಕಾಯಿಲೆಯಲ್ಲಿ ಅದು ಮಾಮೂಲು. ಹಾಗಾಗಿ ಮೊದಲ ಎರಡು ಬಸ್ಕಿ ಆದ ಮೇಲೆ ನಿಂತು ಹತ್ತು ಎಣಿಸಿ, ತಲೆ ತಿರುಗದಿದ್ದರೆ ಮುಂದೆ.

ಎಣಿಸುವ ಕೆಲಸ ಅಪ್ಪನದೇ, ಅದೂ ಜೋರಾಗಿ. ದನಿಯ ಹುಕುಮೂ ಚಿಕ್ಕದಾಗಿರುವುದರಿಂದ ಒಂದೇ ಕಲ್ಲಿಗೆ ಎರಡು ಹಣ್ಣು. ಮೊದಮೊದಲು ತಾನು ಕೂಗುತ್ತಿದ್ದೇನೆಂದೇ ಅವನ ನಂಬಿಕೆ, ನಮಗೆ ಪಿಸುಮಾತು ಕೇಳಿಸುತ್ತಿತ್ತು. ಒಳಗಿನ ಅಳತೆಗೋಲೇ ಕುಗ್ಗಿರುತ್ತದೆ. ಅವನಿಗೆ ಅರಚಿದಂತೆ ಅನಿಸಿದಾಗ ನಮಗೆ ಸರಿಯಾಗಿ ಕೇಳುತ್ತದೆ.

ಗುಳಿಗೆಯ ಗಡಿಯಾರ

ಇದೆಲ್ಲಕ್ಕೂ ಹೊತ್ತು ಗೊತ್ತಿದೆ. ಗುಳಿಗೆ ನುಂಗಿ ಅದು ಮಿದುಳು ಮುಟ್ಟಿದ ಮೇಲೆಯೇ ಸಾಮು. ಬ್ರೇಕು ಬಿಟ್ಟಾಗ ಎತ್ತಿದ ಭಾರದಿಂದ ಹೆಚ್ಚು ಕಲಿಕೆ, ಕಡಿಮೆ ಅಪಾಯ. ಗುಳಿಗೆಗೂ ಊಟಕ್ಕೂ ಒಂದು ಜಗಳವಿದೆ. ಬೇಳೆ, ಕಾಳು, ಹಾಲಿನ ಪ್ರೋಟೀನು ಜೀರ್ಣವಾಗಿ ಬರುವ ಕಣಗಳೂ ಲಿವೊಡೋಪಾವೂ ಕರುಳು ದಾಟಿ ಮಿದುಳು ಸೇರುವುದು ಒಂದೇ ಬಾಗಿಲಿನಿಂದ. ಮಡಕಿಕಾಳಿನ ಪಲ್ಲೆ, ಮೊಸರು ಉಂಡ ಮೇಲೆ ನುಂಗಿದರೆ ಗುಳಿಗೆ ಬಾಗಿಲ ಹೊರಗೆ ಪಾಳಿ ಹಚ್ಚುತ್ತದೆ. ಸ್ನಾಯು ಕಟ್ಟಲು ಪ್ರೋಟೀನೂ ಬೇಕು, ಬಿಡುವಂತಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ವೈದ್ಯರು ಹೇಳಿದಂತೆ ಗುಳಿಗೆ ಊಟಕ್ಕೆ ಮುಕ್ಕಾಲು ಗಂಟೆ ಮೊದಲು. ಕಾಳು, ಮೊಸರೆಲ್ಲ ಸಾಮು ಮುಗಿದ ಮೇಲೆ.

ಹನ್ನೊಂದು ತಿಂಗಳಾಯಿತು. ಮೂವತ್ತು ಸೆಕೆಂಡಿಗೆ ಎಂಟು ಸಲ ಏಳುತ್ತಾನೆ, ಕೈ ಹಿಡಿಯದೆ. ಕೈ ನಡುಗುವುದು ನಿಂತಿಲ್ಲ. ಬಚ್ಚಲ ಬಾಗಿಲಲ್ಲಿ ಹಳದಿ ಪಟ್ಟಿ ಇನ್ನೂ ಬೇಕು. ಕ್ಯಾನಿಗೆ ಹೋದ ತಿಂಗಳು ಐದನೇ ಲೀಟರ್ ಬಿತ್ತು.

ಕಳೆದ ವಾರ ಅಕ್ಕ ಮತ್ತೆ ಬಂದಳು. ಸ್ಟೇಶನ್ನಿಗೆ ಹೊರಡುವ ಗಡಿಬಿಡಿಯಲ್ಲಿ ಗುಳಿಗೆ ತಡವಾಗಿತ್ತು. ಆಟೋದವ ಹೊರಗೆ ಹಾರ್ನ್ ಹೊಡೆಯುತ್ತಿದ್ದ. ಅಪ್ಪ ಕುರ್ಚಿಯಲ್ಲಿ ತುದಿಗೆ ಸರಿದು ಕೂತು, ಪಾದ ಹಿಂದಕ್ಕೆಳೆದುಕೊಂಡು, ಗಡಿಯಾರ ನೋಡುತ್ತಿದ್ದ. ನಾನು ರಟ್ಟೆಗೆ ಕೈ ಹಾಕಹೋದೆ. ಕೈ ಸರಿಸಿದ.

"ಪೈಪಿನ್ಯಾಗ ಇನ್ನೂ ಐದು ಕೆಜಿ ಆಗಿಲ್ಲ. ತಡೀ."